ನೆದರ್‌ಲೆಂಡ್ಸ್‌ನ ಮಿಡನ್‌ಬೇಮ್‌ಸ್ಟರ್‌ನಲ್ಲಿ ಮನೆ ಮಾಡಬಹುದಾ? ಹುಲ್ಲು, ನೆಟ್ಟಗಿನ ಕಾಲುವೆ ಬಿಟ್ಟರೆ ಅಲ್ಲಿ ಏನಿದೆ, ಬೇಜಾರಲ್ವಾ ಅಂತ ಕೇಳಿದ್ದೀರಿ.

ಒಂಬತ್ತು ವರ್ಷದ ಹಿಂದೆ ನನ್ನದೂ ಇದೇ ಪ್ರಶ್ನೆ. ಆಮ್‌ಸ್ಟರ್‌ಡ್ಯಾಮ್ ಬಾಡಿಗೆ ಕಟ್ಟಲಾಗದೆ, ಸುಮಾರು 25 ಕಿ.ಮೀ. ಆಚೆಯ ಈ ಹಳ್ಳಿಗೆ ಬಂದೆ. ಮನೆ ಹಿಂದೆ ಸಣ್ಣ ಕಾಲುವೆ, ಅದರಾಚೆ ದನ ಮೇಯುವ ಹುಲ್ಲುಗಾವಲು.

ನಾನು ತಪ್ಪು ಮಾಡಿದ್ದು ಆ ಕಾಲುವೆಯಲ್ಲೇ. ಹಿತ್ತಿಲಲ್ಲಿ ಕತ್ತರಿಸಿದ ಹುಲ್ಲನ್ನೆಲ್ಲ ಬೇಸಿಗೆಯಿಡೀ ಅದಕ್ಕೆ ಸುರಿದೆ. ನೀರು ಹೊತ್ತುಕೊಂಡು ಹೋಗುತ್ತದೆ ಅಂದುಕೊಂಡಿದ್ದೆ. ಹೋಗುವುದಿಲ್ಲ. ಅದು ಹೆಚ್ಚುಕಡಿಮೆ ನಿಂತ ನೀರು, ಊರಿನ ನೀರು ಹೊರಹಾಕುವ ಪಂಪು ಎಳೆದಾಗ ಮಾತ್ರ ನಿಧಾನಕ್ಕೆ ಸರಿಯುತ್ತದೆ. ಹುಲ್ಲು ತಳಕ್ಕಿಳಿದು ಕೊಳೆತು ಕೆಸರಾಯಿತು. ಹಿಂದಿನ ಹುಲ್ಲುಗಾವಲಿನ ಮಳೆನೀರು ಹೊರಹೋಗಲು ಇದ್ದದ್ದು ಅದೊಂದೇ ದಾರಿ. ಅಕ್ಟೋಬರ್ ಮಳೆಗೆ ಅಲ್ಲಿ ನೀರು ನಿಂತಿತು. ಪಕ್ಕದ ರೈತರು ಹಸುಗಳನ್ನು ಬೇಗನೆ ಕೊಟ್ಟಿಗೆಗೆ ತರಬೇಕಾಯಿತು. ನಮ್ಮ ಬದಿಯ ಕಾಲುವೆ ಶುಚಿಯಾಗಿಡುವುದು ಬಾಡಿಗೆದಾರನ ಕೆಲಸ ಅಂತ ಕರಾರಿನಲ್ಲಿ ಡಚ್ ಭಾಷೆಯಲ್ಲಿ ಬರೆದಿತ್ತು. ನಾನು ಬಾಡಿಗೆ, ಅಡ್ವಾನ್ಸ್ ಎರಡೇ ನೋಡಿ ಸಹಿ ಹಾಕಿದ್ದೆ. ಆ ಒಂದು ಸಾಲು ಯಾರ ಹತ್ತಿರವಾದರೂ ಓದಿಸಿದ್ದರೆ ಸಾಕಿತ್ತು. ಯಂತ್ರ ತರಿಸಿ ಕೆಸರು ತೆಗೆಸಿದ ಬಿಲ್ಲು ನನಗೇ ಬಂತು, ಒಂದೂವರೆ ತಿಂಗಳ ಬಾಡಿಗೆಯಷ್ಟು. ದುಡ್ಡಿಗಿಂತ ಜಾಸ್ತಿ ನೋಯಿಸಿದ್ದು, ಆ ರೈತರು ವರ್ಷವಿಡೀ ನನ್ನ ಹತ್ತಿರ ಮಾತಾಡದೇ ಇದ್ದದ್ದು.

ಮಾತು ಶುರುವಾದ ಮೇಲೆ ಒಂದು ದಿನ ಅವರೇ ಊರಂಚಿನ ಏರಿಗೆ ಕರೆದುಕೊಂಡು ಹೋದರು. ಹತ್ತಿ ನೋಡಿದರೆ ಒಂದು ಕಡೆ ಈ ತಗ್ಗು ನೆಲವನ್ನು ಸುತ್ತುವರಿದ ಸುತ್ತುಗಾಲುವೆ ತುಂಬಿ ನಿಂತಿದೆ, ಇನ್ನೊಂದು ಕಡೆ ಹೊಲಗಳು ಎಷ್ಟೋ ಕೆಳಗಿವೆ. ದೋಣಿ ಮೇಲೆ, ಹಸು ಕೆಳಗೆ! ಈ ನೆಲ ಸಮುದ್ರಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ತಗ್ಗು. ಮೊದಲು ಇದು ಕೆರೆಯಾಗಿತ್ತು. ಆಮ್‌ಸ್ಟರ್‌ಡ್ಯಾಮ್ ವ್ಯಾಪಾರಿಗಳು ಅದನ್ನು ಬತ್ತಿಸಲು ದುಡ್ಡು ಹಾಕಿದರು, ಪಕ್ಕದ ಡೆ ರೈಪ್ ಊರಿನ ಲೇಖ್‌ವಾಟರ್ ಅನ್ನುವವರು ನೀರೆತ್ತುವ ಗಾಳಿಯಂತ್ರಗಳ ಕೆಲಸ ನೋಡಿಕೊಂಡರು. 1610ರ ಬಿರುಗಾಳಿಗೆ ಏರಿ ಒಡೆದು ನೀರು ಮತ್ತೆ ನುಗ್ಗಿತು. ಬಿಡಲಿಲ್ಲ. ನಲವತ್ತಕ್ಕೂ ಹೆಚ್ಚು ಗಾಳಿಯಂತ್ರಗಳು ಮೆಟ್ಟಿಲು ಮೆಟ್ಟಿಲಾಗಿ ನೀರೆತ್ತಿ, 1612ರಲ್ಲಿ ನೆಲ ಒಣಗಿತು. ಧಾನ್ಯ ಬೆಳೆಯೋಣ ಅಂತಿದ್ದರು, ತೇವ ಜಾಸ್ತಿಯಾಗಿ ಹುಲ್ಲು, ಹಸು, ಚೀಸ್‌ಗೆ ತಿರುಗಿದರು. ಮನೆ, ದನ, ಹುಲ್ಲು ಎಲ್ಲಾ ಒಂದೇ ಚೂಪು ಛಾವಣಿಯ ಕೆಳಗಿರುವ ‘ಸ್ಟೋಲ್ಪ್’ ಮನೆಗಳು ಈಗಲೂ ಇವೆ.

ಹಾಗಾಗಿ ‘ಏನಿದೆ’ ಅನ್ನುವ ಪ್ರಶ್ನೆಯೇ ಸರಿಯಲ್ಲ. ನೀವು ಬೇಜಾರು ಅನ್ನುತ್ತಿರುವ ಆ ನೆಟ್ಟಗಿನ ಗೆರೆಗಳನ್ನೇ 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು. ಒಬ್ಬರು ಕಾಲುವೆ ಕಟ್ಟಿಹಾಕಿದರೆ ಪಕ್ಕದವರ ಹೊಲದಲ್ಲಿ ನೀರು ನಿಲ್ಲುತ್ತದೆ, ಅಲ್ವಾ? ಇಲ್ಲಿಯ ಜನ ಬೇರೆ ಯಾವುದನ್ನಾದರೂ ಬಿಟ್ಟಾರು, ಕಾಲುವೆ ಶುಚಿಯಾಗಿಡುವುದನ್ನು ಬಿಡುವುದಿಲ್ಲ.

ಬಾಡಿಗೆ ಉಳಿಸಲಿಕ್ಕೆ ಮಾತ್ರ ಬರುವುದಾದರೆ ಬೇಡ, ಪಕ್ಕದ ಪೇಟೆ ಪುರ್ಮರೆಂಡ್ ನೋಡಿ. ಬರುವುದಾದರೆ ಮೊದಲು ಕಾಲುವೆ ಯಾರ ಪಾಲಿಗೆ ಅಂತ ಕೇಳಿ, ಉದ್ದ ಹಿಡಿಯ ರೇಕ್ ಒಂದು ತಗೊಳ್ಳಿ. ಚಳಿಗಾಲಕ್ಕೆ ಮುಂಚೆ ಪಕ್ಕದವರು ಕಾಲುವೆ ಶುಚಿ ಮಾಡಲು ಇಳಿದಾಗ ನೀವೂ ಇಳಿಯಿರಿ. ನಮಗೆ ಮಾತು ಮತ್ತೆ ಶುರುವಾದದ್ದು ಅಲ್ಲೇ.