ಬೆಳಗುವ ಕೊಲ್ಲಿಗೆ ಹೊರಡುವ ಮುನ್ನ ತಿಥಿ ನೋಡಿ

ಓದುಗರ ಪತ್ರ: ಮಾರ್ಚಿನಲ್ಲಿ ನಾವಿಬ್ಬರೂ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪಕ್ಕೆ ಹೋಗುತ್ತಿದ್ದೇವೆ. ರಾತ್ರಿ ನೀರು ಬೆಳಗುವ ಕೊಲ್ಲಿಯಲ್ಲಿ ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ನಡೆಸಬೇಕೆಂಬುದು ಬಹಳ ದಿನದ ಆಸೆ. ಹುಣ್ಣಿಮೆಯ ಹೊತ್ತಿಗೆ ಹೋದರೆ ಬೆಳದಿಂಗಳೂ ಸೇರಿ ಇನ್ನೂ ಚೆನ್ನಾಗಿರುತ್ತದೆ ಎಂದುಕೊಂಡಿದ್ದೇವೆ. ಅಲ್ಲಿ ಇಂಥ ಕೊಲ್ಲಿ ಮೂರಿವೆಯಂತೆ, ಯಾವುದು ಒಳ್ಳೆಯದು? ನನಗೆ ಈಜು ಬಾರದು, ನಮ್ಮ ಯಜಮಾನರು ಹುಟ್ಟು ಹಿಡಿದವರೇ ಅಲ್ಲ. ಹೋಗಬಹುದೇ? ಫೋಟೋದಲ್ಲಿರುವಷ್ಟು ನೀಲಿ ಕಣ್ಣಿಗೂ ಕಾಣುತ್ತದೆಯೇ?

ಸಂಪಾದಕರ ಉತ್ತರ:

ಖಂಡಿತ ಹೋಗಬಹುದು. ಆದರೆ ಹುಣ್ಣಿಮೆಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಬೆಳದಿಂಗಳು ಎಷ್ಟೇ ಸುಂದರವಾಗಿರಲಿ, ಈ ಒಂದು ನೋಟಕ್ಕೆ ಅದೇ ಅಡ್ಡಿ. ಚಂದ್ರ ಮೇಲಿದ್ದರೂ ನೀರಿನೊಳಗಿನ ಜೀವಿಗಳು ಮಿನುಗುತ್ತವೆ, ನಿಜ. ಆದರೆ ಆ ಮಿನುಗು ಬಲು ಸಣ್ಣದು. ನೀರಿನ ಮೇಲೆ ಬೆಳದಿಂಗಳು ಹರಡಿದರೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿನ ಹಲವು ಪ್ರವಾಸ ಸಂಸ್ಥೆಗಳು ಕಯಾಕ್‌ಗಳನ್ನು ನೀರಿಗೆ ಇಳಿಸುವುದೇ ಇಲ್ಲ. ಎಲ್ಲರೂ ಮೊದಲು ಕೇಳುವುದು ಯಾವ ಕೊಲ್ಲಿ ಎಂದು. ನಮ್ಮ ಪ್ರಕಾರ ಮೊದಲು ಆರಿಸಬೇಕಾದದ್ದು ರಾತ್ರಿಯನ್ನು. ವಿಮಾನದ ಟಿಕೆಟ್ ಕೂಡ ಆಮೇಲೆ.

ಇದಕ್ಕೆ ಮನೆಯ ಪಂಚಾಂಗವೇ ಸಾಕು. ಬಹುಳ ಪಂಚಮಿಯಿಂದ ಅಮಾವಾಸ್ಯೆ ದಾಟಿ ಶುದ್ಧ ತದಿಗೆಯವರೆಗಿನ ರಾತ್ರಿಗಳು ನಿಮ್ಮವು. ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುವುದರಿಂದ, ಬಹುಳ ಪಂಚಮಿಯ ಹೊತ್ತಿಗೆ ಚಂದ್ರ ಮೂಡುವಾಗ ರಾತ್ರಿ ಹತ್ತು ದಾಟಿರುತ್ತದೆ. ಫೋನಿನ ಆ್ಯಪ್ ನೋಡಿ ಹಲವರು ಮೋಸಹೋಗುವುದು ಇಲ್ಲೇ. ‘ಚಂದ್ರ ಶೇಕಡಾ 50’ ಎಂದು ಅದು ತಿಂಗಳಿಗೆ ಎರಡು ಸಲ ತೋರಿಸುತ್ತದೆ. ಶುದ್ಧ ಅಷ್ಟಮಿಯ ಅರ್ಧಚಂದ್ರ ಮುಸ್ಸಂಜೆಗೇ ನೆತ್ತಿಯ ಮೇಲಿದ್ದು ನಡುರಾತ್ರಿಗೆ ಮುಳುಗುತ್ತಾನೆ, ಅಂದರೆ ಪ್ರವಾಸದುದ್ದಕ್ಕೂ ಬೆಳಕು. ಬಹುಳ ಅಷ್ಟಮಿಯವನು ಮೂಡುವುದೇ ನಡುರಾತ್ರಿಗೆ. ಗಾತ್ರ ಒಂದೇ, ಫಲ ತದ್ವಿರುದ್ಧ. ಹಾಗಾಗಿ ಶೇಕಡಾವಾರನ್ನು ಬಿಟ್ಟು ಉದಯಾಸ್ತದ ವೇಳೆ ನೋಡಿ. ಮಾರ್ಚಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ, ಪೂರ್ತಿ ಕತ್ತಲಾಗಲು ಇನ್ನೂ ಒಂದು ಗಂಟೆಗಿಂತ ಹೆಚ್ಚು ಬೇಕು. ಆಯ್ಕೆ ಇದ್ದರೆ ಏಳರ ತಂಡ ಬೇಡ, ಎಂಟರದ್ದು ಹಿಡಿಯಿರಿ.

ಬೆಳಗುವುದು ಏನು ಎಂದು ತಿಳಿದಿದ್ದರೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಅದು ಪೈರೊಡಿನಿಯಂ ಬಹಾಮೆನ್ಸೆ ಎಂಬ ಏಕಕೋಶ ಜೀವಿ, ಡೈನೊಫ್ಲಾಜೆಲೇಟ್ ಗುಂಪಿನದು. ಒಂದು ಗ್ಯಾಲನ್ ನೀರಿನಲ್ಲಿ ಲಕ್ಷಗಟ್ಟಲೆ ಇರುತ್ತವೆ. ನೀರು ಕದಡಿ ಕೋಶದ ಪೊರೆಗೆ ಒತ್ತಡ ಬಿದ್ದರೆ, ಒಳಗಿನ ಸೂಕ್ಷ್ಮ ಕಣಗಳಿಗೆ ಆಮ್ಲೀಯತೆ ನುಗ್ಗಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಸೇರುತ್ತದೆ. ಹೊಮ್ಮುವ ಮಿಂಚು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನದು. ಹಗಲೆಲ್ಲ ಈ ವ್ಯವಸ್ಥೆ ಮುಚ್ಚಿರುತ್ತದೆ, ಟಾರ್ಚ್ ಬೆಳಕು ಬಿದ್ದರೂ ಮಂಕಾಗುತ್ತದೆ. ಒಂದು ಕೋಶ ಒಂದು ರಾತ್ರಿಗೆ ಮಿನುಗಬಲ್ಲದ್ದೂ ಇಷ್ಟೇ ಎಂದಿದೆ. ಒಂದೇ ಜಾಗದಲ್ಲಿ ನಿಂತು ನೀರು ಬಡಿಯುತ್ತಿದ್ದರೆ ಬೆಳಕು ಕ್ಷೀಣಿಸುವುದು ಅದಕ್ಕೇ. ನಾಲ್ಕು ಹುಟ್ಟು ಮುಂದೆ ಹೋಗಿ, ಅಲ್ಲಿ ಮತ್ತೆ ಪೂರ್ಣ ಪ್ರಭೆ ಸಿಗುತ್ತದೆ.

ಇನ್ನು ಕೊಲ್ಲಿಗಳು. ವಿಯೆಕೆಸ್ ದ್ವೀಪದ ಮಸ್ಕೀಟೊ ಕೊಲ್ಲಿಯನ್ನು ಜಗತ್ತಿನಲ್ಲೇ ಅತಿ ಪ್ರಕಾಶಮಾನವಾದದ್ದೆಂದು ಗಿನ್ನೆಸ್ 2006ರಲ್ಲಿ ದಾಖಲಿಸಿತು. ಕಿರಿದಾದ ಬಾಯಿ, ಆಳವಿಲ್ಲದ ನೀರು, ಸುತ್ತಲೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಉದುರಿದ ಎಲೆ ಕೊಳೆತು ಪೋಷಕಾಂಶ ಒದಗುತ್ತದೆ, ಬಾಯಿ ಚಿಕ್ಕದಾದ್ದರಿಂದ ಜೀವಿಗಳು ಸಮುದ್ರಕ್ಕೆ ಕೊಚ್ಚಿಹೋಗುವುದಿಲ್ಲ. ಅಲ್ಲಿಗೆ ಸೇಬಾ ಎಂಬಲ್ಲಿಂದ ಫೆರ್ರಿ ಹಿಡಿಯಬೇಕು, ಅಥವಾ ಸಣ್ಣ ವಿಮಾನ. ರಾತ್ರಿಯ ಪ್ರವಾಸ ಮುಗಿಸಿ ಅದೇ ದಿನ ಮರಳುವ ಲೆಕ್ಕ ಹಾಕಬೇಡಿ, ದ್ವೀಪದಲ್ಲೇ ಉಳಿಯಿರಿ. ಎರಡನೆಯದು ಫಹಾರ್ಡೊದ ಲಗೂನಾ ಗ್ರಾಂಡೆ. ರಾಜಧಾನಿ ಸ್ಯಾನ್ ವಾನ್‌ನಿಂದ ಕಾರಿನಲ್ಲಿ ಒಂದು ಗಂಟೆಯ ಹಾದಿ. ಆದರೆ ಕಾಂಡ್ಲಾದ ನಡುವಿನ ಕಿರಿದಾದ, ಅಂಕುಡೊಂಕು ಕಾಲುವೆಯಲ್ಲಿ ಹುಟ್ಟು ಹಾಕಿಕೊಂಡೇ ಸರೋವರ ತಲುಪಬೇಕು, ಹೊಸಬರಿಗೆ ಅಲ್ಲೇ ಬೆವರು. ಮೂರನೆಯದು ನೈಋತ್ಯ ತೀರದ ಲಾ ಪಾರ್ಗೆರಾ, ಮೂರರಲ್ಲಿ ಮಂಕು. ಅಲ್ಲಿ ಎಂಜಿನ್ ದೋಣಿಗೂ ಈಜಿಗೂ ಅನುಮತಿಯಿದೆ, ಮೊದಲೆರಡರಲ್ಲಿ ಈಜು ನಿಷಿದ್ಧ. ಈಜು ಬಾರದ, ಹುಟ್ಟು ಹಿಡಿಯದ ನಿಮ್ಮಿಬ್ಬರಿಗೆ ನಮ್ಮ ಸಲಹೆ ಮಸ್ಕೀಟೊ ಕೊಲ್ಲಿ. ದ್ವೀಪದಲ್ಲಿ ಉಳಿಯಲಾಗದಿದ್ದರೆ ಲಗೂನಾ ಗ್ರಾಂಡೆಗೆ ಹೋಗಿ. ಕಾಲುವೆಯ ಅಳುಕಿದ್ದರೆ ಅಲ್ಲಿ ವಿದ್ಯುತ್ ದೋಣಿಯೂ ಸಿಗುತ್ತದೆ.

ಸೊಳ್ಳೆ ಕಚ್ಚುತ್ತದೆಂದು ಮುಲಾಮು ಬಳಿದುಕೊಂಡು ಹೋಗಬೇಡಿ. ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು, ಮೈಗೆ ಹಚ್ಚಿದ ಎಣ್ಣೆ ಎಲ್ಲವೂ ಕೈಯಿಂದ ನೀರಿಗಿಳಿಯುತ್ತವೆ, ಆ ಜೀವಿಗಳಿಗೆ ವಿಷವಾಗುತ್ತವೆ. ಮಧ್ಯಾಹ್ನ ಸಮುದ್ರತೀರದಲ್ಲಿದ್ದವರು ಸೋಪು ಹಚ್ಚಿ ಸ್ನಾನ ಮಾಡಿಯೇ ಹೊರಡಬೇಕು. ಸೊಳ್ಳೆಗೆ ಉದ್ದ ತೋಳಿನ, ಬೇಗ ಒಣಗುವ ಬಟ್ಟೆಯೇ ಉಪಾಯ. ಹತ್ತಿಬಟ್ಟೆ ಒದ್ದೆಯಾದರೆ ಗಾಳಿಗೆ ಚಳಿ ಹತ್ತಿಸುತ್ತದೆ. ಸೊಂಟದ ಕೆಳಗೆ ಹೇಗೂ ನೆನೆಯುತ್ತೀರಿ. ಕಾಲಿಗೆ ಹಿಮ್ಮಡಿ ಪಟ್ಟಿಯಿರುವ ಚಪ್ಪಲಿ ಇರಲಿ, ಹವಾಯಿ ಚಪ್ಪಲಿಯನ್ನು ದಡದ ಕೆಸರೇ ಎಳೆದುಕೊಳ್ಳುತ್ತದೆ.

ಲೈಫ್ ಜಾಕೆಟ್ ತೊಟ್ಟ ಮೇಲೆ ಕೆಳಗಿನ ಪಟ್ಟಿಯಿಂದ ಶುರುಮಾಡಿ ಮೇಲಕ್ಕೆ ಬಿಗಿಯಿರಿ. ಆಮೇಲೆ ಯಜಮಾನರು ನಿಮ್ಮ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆತ್ತಿ ನೋಡಲಿ. ಜಾಕೆಟ್ ಗದ್ದಕ್ಕೆ ಬಂದರೆ ಸಡಿಲವೆಂದೇ ಅರ್ಥ. ಈಜು ಬಾರದೆಂಬುದನ್ನು ಕಾಯ್ದಿರಿಸುವಾಗಲೇ ತಿಳಿಸಿ. ದಡದಲ್ಲಿ ಹತ್ತು ಜನರ ಮುಂದೆ ಹೇಳಲು ಸಂಕೋಚಪಟ್ಟು ಸುಮ್ಮನಾಗುವವರೇ ಹೆಚ್ಚು.

ಇಬ್ಬರ ಕಯಾಕಿನಲ್ಲಿ ಬಲವಿದ್ದವರು, ತೂಕವಿದ್ದವರು ಹಿಂದೆ ಕೂರಬೇಕು. ದಿಕ್ಕು ಹಿಡಿಯುವ ಹೊಣೆ ಅವರದು. ಮುಂದೆ ಕೂತವರು ಲಯ ಕೊಡುತ್ತಾರೆ, ಹಿಂದಿನವರು ಅದನ್ನು ನೋಡಿಕೊಂಡು ಅದೇ ಬದಿಗೆ ಅದೇ ಹೊತ್ತಿಗೆ ಹುಟ್ಟು ಹಾಕಬೇಕು, ಇಲ್ಲದಿದ್ದರೆ ಎರಡೂ ಹುಟ್ಟು ಟಕಟಕ ತಾಕುತ್ತವೆ. ಅಲಗನ್ನು ಪಾದದ ಪಕ್ಕ ಅದ್ದಿ ಸೊಂಟದ ಹತ್ತಿರ ಎತ್ತಿ. ತೋಳಿನಿಂದ ಎಳೆಯದೆ ಬೆನ್ನು ತಿರುಗಿಸಿ ಎಳೆದರೆ ಎರಡು ಗಂಟೆಯಾದರೂ ಭುಜ ನೋಯುವುದಿಲ್ಲ. ಹೊಸಬರ ದೋಣಿ ಹಾವಿನಂತೆ ಹರಿದಾಡುವುದಕ್ಕೆ ಕಾರಣ ಅವಸರ. ಹುಟ್ಟು ಎತ್ತಿದ ಮೇಲೂ ದೋಣಿ ಸ್ವಲ್ಪ ತಿರುಗುತ್ತಲೇ ಇರುತ್ತದೆ. ಅದು ತಿರುಗಿ ನಿಲ್ಲುವ ಮೊದಲೇ ಇನ್ನೊಂದು ಬದಿಗೆ ಬಲವಾಗಿ ಹಾಕಿದರೆ ದೋಣಿ ವಿರುದ್ಧ ದಿಕ್ಕಿಗೆ ತಿರುಗಿಬಿಡುತ್ತದೆ. ಒಂದು ಉಸಿರಿನಷ್ಟು ತಾಳಿ.

ಲಗೂನಾ ಗ್ರಾಂಡೆಯ ಕಾಲುವೆಗೆ ಹೋಗುವುದಾದರೆ ಬಲಕ್ಕೆ ಅಂಟಿಕೊಂಡು ಹೋಗಿ, ಎದುರಿನಿಂದ ಮರಳುವ ತಂಡ ಬರುತ್ತದೆ. ಬೇರಿಗೆ ಸಿಕ್ಕಿಕೊಂಡರೆ ಕೊಂಬೆ ಹಿಡಿಯಬಾರದು. ಕೈ ಕೊಂಬೆಯಲ್ಲಿ ಉಳಿದು ದೋಣಿ ಅಡಿಯಿಂದ ಜಾರುತ್ತದೆ, ಮಗುಚುವುದು ಹೆಚ್ಚಾಗಿ ಹೀಗೆಯೇ. ಹುಟ್ಟಿನಿಂದ ಮೆಲ್ಲಗೆ ತಳ್ಳಿ ಹಿಂದಕ್ಕೆ ಬನ್ನಿ. ತಲೆಗೆ ತಾಕುವ ಕೊಂಬೆ ಬಂದರೆ ಮುಂದಕ್ಕೆ ಬಾಗಿ, ಪಕ್ಕಕ್ಕೆ ವಾಲಬೇಡಿ. ಒಂದು ವೇಳೆ ಮಗುಚಿದರೆ ಹೆದರಬೇಡಿ, ಜಾಕೆಟ್ ತೇಲಿಸುತ್ತದೆ. ತಳದ ಕೆಸರು ಮೆತ್ತಗಿರುವುದರಿಂದ ನಿಲ್ಲಲು ಹೋಗದೆ ದೋಣಿಯನ್ನು ಹಿಡಿದುಕೊಂಡಿರಿ. ಮೇಲೆ ಕೂರುವ ಮಾದರಿಯ ಕಯಾಕಿನಲ್ಲಿ ನೀರು ತೂತುಗಳಿಂದ ತಾನೇ ಬಸಿದುಹೋಗುತ್ತದೆ. ಮಾರ್ಗದರ್ಶಿ ಒಂದು ಬದಿ ಹಿಡಿದಿರುವಾಗ ಇನ್ನೊಂದು ಬದಿಯಿಂದ ಕಾಲು ಬಡಿದು, ಹೊಟ್ಟೆಯ ಮೇಲೆ ಅಡ್ಡಡ್ಡ ಹತ್ತಿ, ಆಮೇಲೆ ತಿರುಗಿ ಕೂತು, ಕೊನೆಗೆ ಕಾಲು ಒಳಗೆ ತನ್ನಿ.

ನೀಲಿಯ ಪ್ರಶ್ನೆಗೆ ನೇರ ಉತ್ತರ: ಫೋಟೋದಷ್ಟು ಕಾಣುವುದಿಲ್ಲ. ಕ್ಯಾಮೆರಾ ಹಲವು ಸೆಕೆಂಡುಗಳ ಬೆಳಕನ್ನು ಒಟ್ಟುಗೂಡಿಸುತ್ತದೆ. ನಮ್ಮ ಕಣ್ಣಿನಲ್ಲಿ ಕತ್ತಲಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣ ತಿಳಿಯದು, ಹಾಗಾಗಿ ಮಂದವಾದ ಮಿನುಗು ಬೂದುಬಿಳಿಯಾಗಿ ಕಾಣುತ್ತದೆ, ಜೋರಾಗಿ ಕದಡಿದಾಗಷ್ಟೇ ನೀಲಿ ಹೊಳೆಯುತ್ತದೆ. ಆದರೆ ಫೋಟೋದಲ್ಲಿ ಸಿಗದ್ದು ಕಣ್ಣಿಗೆ ಸಿಗುತ್ತದೆ. ಬೊಗಸೆಯಲ್ಲಿ ನೀರೆತ್ತಿ ಮೊಣಕೈಯತ್ತ ಹರಿಯಬಿಡಿ, ಒಂದೊಂದು ಕಿಡಿಯೂ ಬೇರೆಬೇರೆಯಾಗಿ ಜಾರಿ ಆರುವುದು ಕಾಣುತ್ತದೆ. ಮೀನೊಂದು ಬೆದರಿ ಓಡಿದರೆ ನೀರಿನಾಳದಲ್ಲಿ ಗೆರೆ ಎಳೆದಂತಾಗುತ್ತದೆ. ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು, ಒಮ್ಮೆ ಫೋನ್ ತೆರೆದರೆ ಅಷ್ಟೂ ವ್ಯರ್ಥ. ನಿಮ್ಮದಷ್ಟೇ ಅಲ್ಲ, ಪಕ್ಕದ ದೋಣಿಯವರದ್ದೂ. ಫೋನ್ ಕಾರಿನಲ್ಲೇ ಇರಲಿ. ಮಂದವಾದದ್ದನ್ನು ನೇರವಾಗಿ ನೋಡದೆ ತುಸು ಪಕ್ಕಕ್ಕೆ ದೃಷ್ಟಿಯಿಟ್ಟು ನೋಡಿ, ಹೆಚ್ಚು ಕಾಣುತ್ತದೆ.

ಪ್ರವಾಸವನ್ನು ನಿಮ್ಮ ವಾಸ್ತವ್ಯದ ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ, ಮೊದಲನೆಯದಕ್ಕೆ ಇಡಿ. ಜೋರು ಮಳೆ ಬಂದರೆ ಮೇಲ್ಪದರದಲ್ಲಿ ಸಿಹಿನೀರು ಸೇರಿ ಬೆಳಕು ಕುಗ್ಗುತ್ತದೆ. ಗಾಳಿ ಹೆಚ್ಚಿದರೆ ಪ್ರವಾಸವೇ ರದ್ದಾಗುತ್ತದೆ. ಕೊಲ್ಲಿಗಳು ಕತ್ತಲಾದದ್ದೂ ಉಂಟು: 2013ರ ನವೆಂಬರಿನಲ್ಲಿ ಲಗೂನಾ ಗ್ರಾಂಡೆ, 2014ರ ಆರಂಭದಲ್ಲಿ ಮಸ್ಕೀಟೊ, 2017ರ ಸೆಪ್ಟೆಂಬರಿನ ಮರಿಯಾ ಚಂಡಮಾರುತದ ನಂತರ ಮತ್ತೆ ಮಸ್ಕೀಟೊ. ಪ್ರತಿಸಲವೂ ಬೆಳಕು ಮರಳಿತು, ಆದರೆ ಕೆಲವೊಮ್ಮೆ ತಿಂಗಳುಗಳೇ ಹಿಡಿದವು. ಹೊರಡುವ ವಾರ ಸಂಸ್ಥೆಗೆ ಕರೆ ಮಾಡಿ ಎರಡು ಮಾತು ಕೇಳಿಕೊಳ್ಳಿ: ಈಗ ಬೆಳಕು ಹೇಗಿದೆ, ಮತ್ತು ಮಳೆಯಿಂದ ರದ್ದಾದರೆ ಮರುದಿನ ಜಾಗ ಕೊಡುತ್ತಾರೋ ಹಣ ಮರಳಿಸುತ್ತಾರೋ.