ಯುದ್ಧದ ಕತೆ ಸಾಕು, ಲಕೋಟೆಯ ಕತೆ ಬರೆಯಿರಿ

ನಮಸ್ಕಾರ.

ಅಮೆರಿಕದ ಅಂತರ್ಯುದ್ಧದ ಕಾಲದ ಅಂಚೆಯ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ‘ಪ್ರಕಟಿಸಲಾಗುತ್ತಿಲ್ಲ’ ಎಂದು ಒಂದು ಸಾಲು ಬರೆದು ಸುಮ್ಮನಾಗಲೂ ಮನಸ್ಸಾಗಲಿಲ್ಲ. ಯಾಕೆಂದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಕೊನೆಯ ಪುಟದಲ್ಲಿ ನಾಲ್ಕೇ ಸಾಲಿನಲ್ಲಿ ಮುದುಡಿಕೊಂಡಿದೆ.

ಅದಕ್ಕೂ ಮೊದಲು ಏನಿದೆ? ಲಿಂಕನ್ ಗೆದ್ದದ್ದು, ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟದ್ದು, ಫೋರ್ಟ್ ಸಮ್ಟರ್, ಗೆಟ್ಟಿಸ್‌ಬರ್ಗ್, ಕೊನೆಗೆ ಜನರಲ್ ಲೀ ಶರಣಾದದ್ದು. ಇದೆಲ್ಲ ಯಾರಿಗೆ ಬೇಕಾದರೂ ಎಲ್ಲಿ ಬೇಕಾದರೂ ಸಿಗುತ್ತದೆ. ಇಷ್ಟೆಲ್ಲ ಆದ ಮೇಲೆ ನಿಮ್ಮ ಸಂಗ್ರಹದ ಒಂದು ಲಕೋಟೆಯ ಮಾತು ಬರುತ್ತದೆ. ಒಹಾಯೋದ ಜಾನ್ಸನ್ಸ್ ಐಲೆಂಡ್‌ನಲ್ಲಿ ಸೆರೆಯಾಗಿದ್ದ ದಕ್ಷಿಣದ ಅಧಿಕಾರಿಯೊಬ್ಬ ವರ್ಜೀನಿಯಾದ ತನ್ನ ಮನೆಗೆ ಬರೆದ ಕಾಗದದ ಲಕೋಟೆ ಅದು. ಮೇಲೆ ಉತ್ತರದವರ 3 ಸೆಂಟಿನ ಸ್ಟಾಂಪು, ಅದರ ಮೇಲೆ ಸ್ಯಾಂಡಸ್ಕಿ ಊರಿನ ಠಸ್ಸೆ, ಪಕ್ಕದಲ್ಲಿ ಶಾಯಿಯಲ್ಲಿ ಯಾರೋ ಗೀಚಿದ ಸಹಿ, ಆಮೇಲೆ ದಕ್ಷಿಣದವರ ರಾಜಧಾನಿ ರಿಚ್ಮಂಡ್‌ನ ಠಸ್ಸೆ, ‘ಬಾಕಿ 10’ ಅನ್ನುವ ಗುರುತು. ಇಷ್ಟು ಹೇಳಿ, ‘ಇಂಥ ಅಪರೂಪದ ಲಕೋಟೆಗಳು ನನ್ನ ಹತ್ತಿರ ಇನ್ನೂ ಇವೆ’ ಎಂದು ಆ ಮಾತನ್ನು ಮುಗಿಸಿಬಿಟ್ಟಿದ್ದೀರಿ.

ಓದುವವನಿಗೆ ಬೇಕಾದದ್ದು ಇಲ್ಲೇ ಶುರುವಾಗುತ್ತದೆ, ಅಲ್ವಾ? ಎರಡು ಕಡೆಯವರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾಗ ಈ ಕಾಗದ ದಾಟಿದ್ದು ಹೇಗೆ? ಉತ್ತರದ ಸ್ಟಾಂಪು ಅದನ್ನು ಗಡಿಯವರೆಗೆ ಮಾತ್ರ ಒಯ್ಯುತ್ತಿತ್ತು. ಆ ಗೀಚು ಸಹಿ ಕಾಗದ ಓದಿ ಪಾಸು ಮಾಡಿದ ಪರೀಕ್ಷಕನದು. ಕೈದಿಗಳು ಬರೆಯಬೇಕಾದದ್ದು ಒಂದೇ ಪುಟ, ಅದೂ ಮನೆಯ ವಿಚಾರ ಮಾತ್ರ, ಯುದ್ಧದ ಸುದ್ದಿ ಬರೆಯುವ ಹಾಗಿಲ್ಲ. ಆಮೇಲೆ ಚೀಲ ವರ್ಜೀನಿಯಾ ಕರಾವಳಿಯಲ್ಲಿ ಉತ್ತರದವರ ಕೈಯಲ್ಲಿದ್ದ ಫೋರ್ಟ್ರೆಸ್ ಮನ್ರೋ ಕೋಟೆಯ ಕಡೆಗೆ ಹೋಗುತ್ತದೆ. ಅಲ್ಲಿಂದ ಬಿಳಿ ಬಾವುಟ ಕಟ್ಟಿದ ಹಡಗು ಜೇಮ್ಸ್ ನದಿಯಲ್ಲಿ ಮೇಲಕ್ಕೆ ಹೋಗಿ, ಸಿಟಿ ಪಾಯಿಂಟ್ ಥರದ ಜಾಗದಲ್ಲಿ ಕೈದಿಗಳ ಜೊತೆಗೆ ಅಂಚೆಯನ್ನೂ ಅದಲುಬದಲು ಮಾಡಿಕೊಳ್ಳುತ್ತದೆ. ದಕ್ಷಿಣದ್ದು ಒಂದು ದೇಶವೇ ಅಲ್ಲ ಎಂದು ವಾಷಿಂಗ್ಟನ್ ಹೇಳುತ್ತಿದ್ದ ಕಾಲದಲ್ಲೇ ಅದರ ಅಂಚೆ ಚೀಲವನ್ನು ಕೈಯಾರೆ ತೆಗೆದುಕೊಳ್ಳುತ್ತಿತ್ತು. ಈ ವ್ಯವಸ್ಥೆಯ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ.

ಇನ್ನು ಆ ‘ಬಾಕಿ 10’, ಅಂದರೆ ಕಾಗದ ಪಡೆಯುವವರು ದಕ್ಷಿಣದ ಅಂಚೆಗೆ ಕೊಡಬೇಕಾದ 10 ಸೆಂಟು. ದಕ್ಷಿಣದ ಅಂಚೆ ದರ ಮೊದಲು 500 ಮೈಲಿಯ ಒಳಗೆ 5 ಸೆಂಟು, ಅದಕ್ಕಿಂತ ದೂರಕ್ಕೆ 10 ಸೆಂಟು ಇತ್ತು. 1862ರ ಜುಲೈ 1ರಿಂದ ಎಲ್ಲ ದೂರಕ್ಕೂ 10 ಸೆಂಟು ಆಯಿತು. ರಿಚ್ಮಂಡ್‌ನಿಂದ ವರ್ಜೀನಿಯಾದ ಒಂದು ಮನೆಗೆ 500 ಮೈಲಿ ಆಗುವುದಿಲ್ಲ. ಒಂದು ಪುಟದ ಕಾಗದ, ತೂಕವೂ ಜಾಸ್ತಿ ಇರಲಾರದು. ಹಾಗಾದರೆ ಠಸ್ಸೆಯಲ್ಲಿ ವರ್ಷ ಇಲ್ಲದಿದ್ದರೂ ಇದು ಆ ಜುಲೈ ಆದ ಮೇಲಿನ ಕಾಗದ ಎಂದು ನೀವು ಹೇಳಬಹುದು. ಸಂಗ್ರಹ ಮಾಡುವವನು ಗೊತ್ತುಮಾಡಬೇಕಾದದ್ದು ಇಂಥದ್ದನ್ನೇ. ಎರಡು ಠಸ್ಸೆಗಳಲ್ಲಿ ಯಾವ ತಾರೀಖು ಇದೆ ಎಂದು ಬರೆದಿದ್ದರೆ, ಕಾಗದ ದಾರಿಯಲ್ಲಿ ಎಷ್ಟು ದಿನ ಕೂತಿತ್ತು ಎಂದು ಓದುಗನೇ ಲೆಕ್ಕ ಹಾಕುತ್ತಿದ್ದ. ಆ ಲೆಕ್ಕ ಹಾಕುವಾಗ ಮನೆಯಲ್ಲಿ ಕಾಯುತ್ತಿದ್ದವರು ಅವನ ಕಣ್ಣ ಮುಂದೆ ಬರುತ್ತಾರೆ. ನೀವು ಬಳಸಿರುವ ‘ಹೃದಯವಿದ್ರಾವಕ’ ಎಂಬ ವಿಶೇಷಣ ಆ ಕೆಲಸ ಮಾಡುವುದಿಲ್ಲ.

ಒಂದು ತಪ್ಪನ್ನು ತಿದ್ದಲೇಬೇಕು. ‘ಯುದ್ಧ ಶುರುವಾದ ದಿನವೇ ಅಂಚೆ ನಿಂತಿತು’ ಎಂದಿದ್ದೀರಿ. ನಿಲ್ಲಲಿಲ್ಲ. ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಬಿದ್ದು ಯುದ್ಧ ಶುರುವಾದದ್ದು 1861ರ ಏಪ್ರಿಲ್ 12ರಂದು. ಅಮೆರಿಕದ ಅಂಚೆ ಇಲಾಖೆ ಆಮೇಲೂ ಮೇ 31ರವರೆಗೆ ದಕ್ಷಿಣದಲ್ಲಿ ಕೆಲಸ ಮಾಡಿತು, ಅದೇ ಸ್ಟಾಂಪು, ಅದೇ ದರ. ಜೂನ್ 1ಕ್ಕೆ ದಕ್ಷಿಣದ ಪೋಸ್ಟ್‌ಮಾಸ್ಟರ್ ಜನರಲ್ ಜಾನ್ ರೇಗನ್ ಅದನ್ನು ತನ್ನ ಕೈಗೆ ತೆಗೆದುಕೊಂಡ. ಆದರೆ ಅವನ ಹತ್ತಿರ ಸ್ಟಾಂಪೇ ಇರಲಿಲ್ಲ. ಮೊದಲ ಸ್ಟಾಂಪು ಬರುವಷ್ಟರಲ್ಲಿ ಅಕ್ಟೋಬರ್ ಮಧ್ಯ ಆಗಿತ್ತು. ಅಲ್ಲಿಯವರೆಗೆ ಊರೂರಿನ ಪೋಸ್ಟ್‌ಮಾಸ್ಟರುಗಳು ದುಡ್ಡು ಇಸಿದುಕೊಂಡು ‘ಪಾವತಿ 5’ ಎಂದು ಠಸ್ಸೆ ಹೊಡೆದರು, ನ್ಯೂ ಆರ್ಲಿಯನ್ಸ್, ಮೆಂಫಿಸ್, ನ್ಯಾಶ್‌ವಿಲ್ ಥರದ ಕಡೆ ತಾವೇ ಸ್ಟಾಂಪು ಮಾಡಿಸಿಕೊಂಡರು. ಆ ಬೇಸಿಗೆಯಲ್ಲಿ ಆಡಮ್ಸ್ ಎಕ್ಸ್‌ಪ್ರೆಸ್, ಅಮೆರಿಕನ್ ಲೆಟರ್ ಎಕ್ಸ್‌ಪ್ರೆಸ್ ಎಂಬ ಖಾಸಗಿ ಕಂಪನಿಗಳು ಉತ್ತರದ ಕಡೆಯ ಲೂಯಿವಿಲ್ ಮತ್ತು ದಕ್ಷಿಣದ ಕಡೆಯ ನ್ಯಾಶ್‌ವಿಲ್ ನಡುವೆ ಹಣ ಪಡೆದು ಕಾಗದ ದಾಟಿಸಿದವು. ಆಗಸ್ಟ್ ಕೊನೆಗೆ ಉತ್ತರದ ಸರ್ಕಾರ ಅದನ್ನೂ ನಿಲ್ಲಿಸಿತು. ನೀವು ಇರುವುದೇ ಲೂಯಿವಿಲ್‌ನಲ್ಲಿ ಎಂದು ಬರೆದಿದ್ದೀರಿ. ನಿಮ್ಮ ಊರಿನ ಅಂಚೆ ಕಚೇರಿ ಈ ಗಡಿಯ ಬಾಗಿಲಾಗಿತ್ತು! ಇದು ಲೇಖನದಲ್ಲಿ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಸ್ಟಾಂಪು ರದ್ದತಿಯನ್ನೂ ಒಂದು ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ದಕ್ಷಿಣದ ಅಂಚೆ ಕಚೇರಿಗಳಲ್ಲಿ ಉಳಿದಿದ್ದ ಸ್ಟಾಂಪುಗಳನ್ನು ಉತ್ತರದಲ್ಲಿ ಮಾರಿ ದುಡ್ಡು ಮಾಡಿಕೊಳ್ಳಬಹುದು ಎಂಬ ಭಯಕ್ಕೆ ಉತ್ತರದ ಸರ್ಕಾರ 1861ರ ಆಗಸ್ಟ್‌ನಲ್ಲಿ ಹೊಸ ಸ್ಟಾಂಪು ತಂದು ಹಳೆಯದನ್ನು ರದ್ದು ಮಾಡಿತು. ಬದಲಾಯಿಸಿಕೊಳ್ಳಲು ಕೊಟ್ಟದ್ದು ಕೆಲವೇ ದಿನ. 2016ರ ನೋಟು ರದ್ದತಿ ನೋಡಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ‘ಹಳೆಯ ಸ್ಟಾಂಪಿಗೆ ಮಾನ್ಯತೆ ಇಲ್ಲ’ ಎಂಬ ಠಸ್ಸೆ ಹೊಡೆದ ಲಕೋಟೆ ನಿಮ್ಮಲ್ಲಿ ಇದ್ದರೆ ಅದರ ಫೋಟೋ ಖಂಡಿತ ಹಾಕೋಣ. ಕಾಗದ ಸಿಗದೆ ದಕ್ಷಿಣದವರು ಗೋಡೆಗೆ ಅಂಟಿಸುವ ಹೂವಿನ ಕಾಗದದಲ್ಲಿ ಲಕೋಟೆ ಮಾಡಿಕೊಂಡದ್ದು, ಬಂದ ಲಕೋಟೆಯನ್ನೇ ಬಿಚ್ಚಿ ಒಳಗಿನ ಮಗ್ಗುಲು ಹೊರಗೆ ಮಾಡಿ ಮತ್ತೆ ಕಳಿಸಿದ್ದು, ಇವೂ ಬರಬೇಕು.

ಈಗ ಬರವಣಿಗೆಗಿಂತ ದೊಡ್ಡ ಮಾತು. ಆ ಸೆರೆಯಾಳನ್ನು ನೀವು ‘ತನ್ನ ನೆಲಕ್ಕಾಗಿ ಹೋರಾಡಿದ ವೀರ’ ಎಂದಿದ್ದೀರಿ. ಇಡೀ ಲೇಖನದಲ್ಲಿ ಗುಲಾಮಗಿರಿ ಎಂಬ ಮಾತು ಒಂದೇ ಸಲ, ಅದೂ ‘ಇತರ ಕಾರಣಗಳು’ ಎಂಬ ಸಾಲಿನಲ್ಲಿ ಬಂದಿದೆ. ಇದನ್ನು ನಾನು ಒಪ್ಪುವುದಿಲ್ಲ. ಒಕ್ಕೂಟ ಬಿಡುವಾಗ ತಮ್ಮ ನಿಲುವು ಗುಲಾಮಗಿರಿಯ ಜೊತೆಗೇ ನಿಂತಿದೆ ಎಂದು ಮಿಸಿಸಿಪ್ಪಿಯವರು ತಾವೇ ಬರೆದುಕೊಂಡಿದ್ದಾರೆ. 1860ರಲ್ಲಿ ಆ ದೇಶದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ದಕ್ಷಿಣದ ಹಲವು ರಾಜ್ಯಗಳಲ್ಲಿ ಅವರಿಗೆ ಓದು ಬರಹ ಕಲಿಸುವುದೇ ಅಪರಾಧವಾಗಿತ್ತು. ಹಾಗಾಗಿ ನಿಮ್ಮ ಆಲ್ಬಮ್ಮಿನಲ್ಲಿ ಅವರ ಕಾಗದ ಇಲ್ಲ. ಮಾರಿಹೋದ ಮಗು ಎಲ್ಲಿದೆ ಎಂದು ಗೊತ್ತಿಲ್ಲದ ತಾಯಿ ಯಾವ ವಿಳಾಸಕ್ಕೆ ಬರೆಯಬೇಕಿತ್ತು? ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ತಮ್ಮವರನ್ನು ಹುಡುಕಿದರು. ಅಧಿಕಾರಿಯ ಕಾಗದ ತಡವಾಗಿಯಾದರೂ ಮುಟ್ಟಿತು ಎಂದು ಬರೆಯುವಾಗ, ಕಾಗದ ಬರೆಯುವ ಅವಕಾಶವೇ ಇಲ್ಲದವರ ಬಗ್ಗೆಯೂ ಒಂದು ಪ್ಯಾರಾ ಬರೆಯಿರಿ. ಅದಿಲ್ಲದೆ ನಾನು ಇದನ್ನು ಹಾಕುವುದಿಲ್ಲ.

ಬೆಲೆಯ ಮಾತು ಪೂರ್ತಿ ತೆಗೆಯಿರಿ. ಹರಾಜಿನಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂಬ ಮೂರು ಪ್ಯಾರಾ ಯಾರಿಗೂ ಬೇಡ. ಅದರ ಬದಲು ನಕಲಿಯ ಬಗ್ಗೆ ಬರೆಯಿರಿ. ನಿಜವಾದ ಹಳೆಯ ಲಕೋಟೆಗೆ ನಿಜವಾದ ಸ್ಟಾಂಪನ್ನೇ ಆಮೇಲೆ ಅಂಟಿಸಿ, ಠಸ್ಸೆಯನ್ನು ಮಾತ್ರ ನಕಲು ಮಾಡುವವರಿದ್ದಾರೆ. ಸ್ಟಾಂಪಿನ ಮೇಲಿನ ಠಸ್ಸೆ ಲಕೋಟೆಯ ಮೇಲೂ ಸರಿಯಾಗಿ ಮುಂದುವರಿದಿದೆಯೇ, ದರ ಆ ಕಾಲಕ್ಕೆ ಹೊಂದುತ್ತದೆಯೇ ಎಂದು ನೋಡುವುದನ್ನು ಹೊಸಬರಿಗೆ ನೀವು ಕಲಿಸಬಹುದು. ಅಂಚೆಚೀಟಿ ಸಂಗ್ರಹಿಸುವವರ ಸಂಘವಾದ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯವರು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. ನಿಮ್ಮ ಲಕೋಟೆಗೆ ಅಂಥದ್ದು ಇದೆಯೋ ಇಲ್ಲವೋ, ಅದನ್ನೂ ಬರೆಯಿರಿ. ಲಕೋಟೆಯಿಂದ ಸ್ಟಾಂಪು ಬಿಡಿಸಬೇಡಿ ಎಂಬ ಎಚ್ಚರಿಕೆ ಚೆನ್ನಾಗಿದೆ, ಅದು ಇರಲಿ.

ಧಾರವಾಡದ ಹತ್ತಿಯನ್ನು ಕೊನೆಗೆ ತಂದು ಅಂಟಿಸಿದ್ದೀರಿ. ಅಮೆರಿಕದ ಹತ್ತಿ ನಿಂತು ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಯವರು ನಮ್ಮ ಕಡೆ ತಿರುಗಿದ್ದು, ಕಾರವಾರದಲ್ಲಿ ಬಂದರು ಕಟ್ಟುವ ಮಾತು ಎದ್ದದ್ದು, 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು ಎಲ್ಲ ನಿಜ. ಆದರೆ ಅದು ಬೇರೆಯೇ ಲೇಖನ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಕರ್ನಾಟಕವನ್ನು ಎಳೆದು ತರಬೇಕಿಲ್ಲ. ನಮ್ಮ ಓದುಗರಿಗೆ ವರ್ಜೀನಿಯಾದ ಮನೆಯೂ ಅರ್ಥವಾಗುತ್ತದೆ.

ತಿದ್ದಿದ ಲೇಖನ ಸಾವಿರದ ಇನ್ನೂರು ಪದ ಮೀರದಿರಲಿ. ಲಕೋಟೆಯಿಂದಲೇ ಶುರು ಮಾಡಿ. ಯುದ್ಧದ ಹಿನ್ನೆಲೆ ಎಲ್ಲಿ ಬೇಕೋ ಅಲ್ಲಿ ಒಂದೆರಡು ಸಾಲು ಬರಲಿ. ಒಳಗಿನ ಕಾಗದ ಉಳಿದಿದ್ದರೆ ಅದರಲ್ಲಿ ಏನಿದೆ ಎಂದು ನಿಮ್ಮ ಮಾತಿನಲ್ಲೇ ಹೇಳಿ. ಲಕೋಟೆಯ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ ಕಳಿಸಿ, ನೀವು ಕಳಿಸಿದ್ದು ಮುಂಬದಿ ಮಾತ್ರ. ಠಸ್ಸೆಯ ತಾರೀಖು ಮಸುಕಾಗಿದ್ದರೆ ಆ ಭಾಗವನ್ನಷ್ಟೇ ದೊಡ್ಡದು ಮಾಡಿ ಇನ್ನೊಂದು ಚಿತ್ರ ಸೇರಿಸಿ.