ಒಂದು ಸಿಡಿ, ಎರಡು ಸಂಖ್ಯೆ

ಪ್ರಶ್ನೆ: ಅಪ್ಪ ಹಾಡಿದ ಕಂಸಾಳೆ ಪದಗಳ ಸಿಡಿಯಲ್ಲಿ ಬಾರ್‌ಕೋಡ್ ಇದೆ. ಈಗ ಆನ್‌ಲೈನ್‌ಗೆ ಹಾಕಲು ಐಎಸ್‌ಆರ್‌ಸಿ (ISRC) ಎಂಬ ಕೋಡ್ ಕೇಳುತ್ತಿದ್ದಾರೆ. ಎರಡೂ ಒಂದೇ ಅಲ್ವಾ? – ಓದುಗರು, ಕೊಳ್ಳೇಗಾಲ

ಉತ್ತರ: ಅಲ್ಲ. ಬಾರ್‌ಕೋಡ್ ಇಡೀ ಸಿಡಿಯದ್ದು, ಅಂಗಡಿಯ ಲೆಕ್ಕಕ್ಕೆ. ಗೆರೆಗಳ ಕೆಳಗಿನ 13 ಅಂಕಿ 890ರಿಂದ ಶುರುವಾದರೆ, ಆ ಸಂಖ್ಯೆಯನ್ನು ಭಾರತದಲ್ಲಿ ಪಡೆದಿದ್ದಾರೆ ಎಂದರ್ಥ. ಸಿಡಿ ಇಲ್ಲೇ ತಯಾರಾಯಿತು ಅಂತ ಅಲ್ಲ.

ಐಎಸ್‌ಆರ್‌ಸಿ ಒಂದೊಂದು ಧ್ವನಿಮುದ್ರಣದ್ದು. ಅದರಲ್ಲಿ 12 ಅಕ್ಷರ, ಅಂಕಿಗಳಿರುತ್ತವೆ: ಮೊದಲು ಎರಡು ಅಕ್ಷರ, ಆಮೇಲೆ ಕೋಡ್ ಕೊಟ್ಟ ಸಂಸ್ಥೆಯ ಮೂರು, ವರ್ಷದ ಎರಡು, ಕೊನೆಗೆ ಐದು ಅಂಕಿ.

ಜನಪದಕ್ಕೆ ಇದು ತುಂಬಾ ಮುಖ್ಯ. ನನ್ನ ಕಪಾಟಿನಲ್ಲಿ ಮಾದಪ್ಪನ ಒಂದೇ ಪದದ ಎರಡು ಸಿಡಿ ಇವೆ. ಒಂದರಲ್ಲಿ ಕಂಸಾಳೆಯ ಬಿರುಸು. ಇನ್ನೊಂದರಲ್ಲಿ ಒಬ್ಬರೇ ಅಜ್ಜ, ಕೈಯಲ್ಲಿ ತಂಬೂರಿ, ನಡುವೆ ಒಮ್ಮೆ ಕೆಮ್ಮುತ್ತಾರೆ. ಹೆಸರು ಒಂದೇ, ಸಾಲು ಮಾತ್ರ ಬೇರೆ ಬೇರೆ. ಹೆಸರಿನಿಂದ ಹುಡುಕಿದರೆ ಅಜ್ಜನ ದನಿ ಕಳೆದೇ ಹೋಗುತ್ತದೆ. ಪ್ರತಿ ಮುದ್ರಣಕ್ಕೂ ಬೇರೆ ಕೋಡ್ ಇದ್ದರೆ ಹಾಗಾಗುವುದಿಲ್ಲ. ಅದೇ ಮುದ್ರಣ ನಾಳೆ ಬೇರೆ ಸಿಡಿಗೆ ಸೇರಿದರೂ ಕೋಡ್ ಹಳೆಯದೇ, ಬದಲಾಗುವುದು ಬಾರ್‌ಕೋಡ್.

ಅದಕ್ಕೇ ಸುಮ್ನೆ ಹೊಸ ಕೋಡ್ ಹಾಕಿಸಬೇಡಿ. ಸಿಡಿ ತಂದ ಕಂಪನಿಯನ್ನು ಮೊದಲು ಕೇಳಿ, ಆಗಲೇ ಕೊಟ್ಟಿರಬಹುದು. ಹಕ್ಕು ಯಾರದ್ದು ಎಂದೂ ಕೇಳಿ, ಕೋಡ್ ಅದನ್ನು ಹೇಳುವುದಿಲ್ಲ. ಜೊತೆಗೆ ದನಿಗೂಡಿಸಿದವರ ಹೆಸರು, ಊರು ಇವತ್ತೇ ಬರೆದಿಡಿ. ಅವು ಆ 12ರಲ್ಲಿ ಇಲ್ಲ.